ಮೇಲುಕೋಟೆಗೆ ಒಂದು ದಿನ ಸಾಕೇ?

ಗುಡಿಗಳಷ್ಟೇ ಅಲ್ಲದೆ ಮೇಲುಕೋಟೆಯ ದಿನನಿತ್ಯದ ಬದುಕನ್ನೂ ಕಾಣಲು ಒಂದು ದಿನ ಸಾಕೇ ಎಂದು ಕೇಳಿದ್ದೀರಿ. ಸಾಲದು, ವಾರದ ನಡುವೆ ಹೋಗಿ ಒಂದು ರಾತ್ರಿ ತಂಗುವುದು ಲೇಸು, ಏಕೆಂದರೆ ವೈರಮುಡಿ ಉತ್ಸವದಂತಹ ಜನಜಂಗುಳಿಯಲ್ಲಿ ದೇವರು ಕಂಡಾರು, ಊರು ಕಾಣದು. ಬಿಸಿಲೇರುವ ಮೊದಲೇ ಕಲ್ಯಾಣಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತು, ಬಳಿಕ ಜಗಲಿಯ ಹಳೆಯ ಮನೆಗಳಿರುವ ಬೀದಿಗಳಲ್ಲಿ ಆತುರವಿಲ್ಲದೆ ನಡೆದರೆ, ನೀರು ಚಿಮುಕಿಸಿದ ಅಂಗಳದಲ್ಲಿ ರಂಗೋಲಿಯ ಎಳೆ ಇನ್ನೂ ಹಸಿಯಾಗಿರುವುದನ್ನು ನೋಡಬಹುದು. ರಾಯಗೋಪುರವನ್ನು ಹೇಗೂ ನೋಡುತ್ತೀರಿ. ಅಕ್ಕ-ತಂಗಿ ಕೊಳವನ್ನು ಮಾತ್ರ ತಪ್ಪಿಸಬೇಡಿ: ಅಕ್ಕಪಕ್ಕದಲ್ಲೇ ಇರುವ ಆ ಎರಡರಲ್ಲಿ ಒಂದರ ನೀರು ಕುಡಿಯುವುದಕ್ಕೆ, ಇನ್ನೊಂದರದು ಬಳಕೆಗೆ ಎಂಬುದು ರೂಢಿ. ಕೈಮಗ್ಗದಲ್ಲಿ ಆಸಕ್ತಿಯಿದ್ದರೆ 1960ರಲ್ಲಿ ಆರಂಭವಾದ ಜನಪದ ಸೇವಾ ಟ್ರಸ್ಟಿಗೂ ಹೋಗಿಬನ್ನಿ. ಪುಳಿಯೋಗರೆಯನ್ನು ಮಧ್ಯಾಹ್ನಕ್ಕೆ ಮುಂಚೆಯೇ ತಿನ್ನಿ. ತಡವಾದರೆ ತಳದ ಉದುರು ಅನ್ನವಷ್ಟೇ ಉಳಿದಿರುತ್ತದೆ.