ದುಃಖಕ್ಕೆ ಕೋಡ್ ಇರ್ಲಿಲ್ಲ

ನನ್ನ ಹತ್ರ ಕೌನ್ಸೆಲಿಂಗಿಗೆ ಬರೋರಲ್ಲಿ ಇತ್ತೀಚೆಗೆ ಇಂಥದ್ದೇ ಮೂರನೇ ಕೇಸು, ಅದಕ್ಕೇ ಬರೀತಿದೀನಿ. ಅವರ ಒಪ್ಪಿಗೆ ಇದೆ, ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ.

ಅವರು ಬಿಸಿನೆಸ್ ಸ್ಕೂಲಲ್ಲಿ ಪ್ರೊಫೆಸರ್, ಸಂಸ್ಥೆಗಳು ಡಿಜಿಟಲ್ ಆಗೋವಾಗ ಒಳಗಿರೋ ಜನಕ್ಕೆ ಏನಾಗುತ್ತೆ ಅನ್ನೋದೇ ರಿಸರ್ಚ್. ನಿದ್ದೆ ಇಲ್ಲ, ಪೇಪರ್ ಮುಂದಕ್ಕೆ ಹೋಗ್ತಿಲ್ಲ ಅಂತ ಬಂದ್ರು. ಎರಡು ಸೆಷನ್ ಬರೀ ಥಿಯರಿ, 1989ರ ಡೇವಿಸ್ ಮಾಡೆಲ್ಲು, ಸಿಸ್ಟಂ ಉಪಯೋಗಕ್ಕೆ ಬರುತ್ತೆ, ಬಳಸೋದು ಸುಲಭ ಅನ್ನಿಸಿದ್ರೆ ಜನ ಒಪ್ಕೋತಾರೆ ಅಂತ. ನಂಗೆ ಕ್ಲಾಸಲ್ಲಿ ಕೂತ ಹಾಗಾಯ್ತು.

ಮೂರನೇ ಸಲ ನಾನೇ ಕೇಳ್ದೆ, ಅಷ್ಟು ಇಂಟರ್‌ವ್ಯೂ ಮಾಡಿದೀರಲ್ಲ ಮೇಡಂ, ಯಾರ ಮಾತು ಕಿವೀಲಿ ಉಳ್ಕೊಂಡಿದೆ? ತುಂಬಾ ಹೊತ್ತು ಸುಮ್ನಿದ್ರು. ಆಮೇಲೆ ಒಬ್ಬ ಹಿರಿಯ ಕ್ಲರ್ಕ್ ವಿಷಯ ತೆಗೆದ್ರು. "ಮೊದ್ಲು ಬಿಲ್ ತಪ್ಪಾದ್ರೆ ಎಲ್ರೂ ನನ್ನ ಟೇಬಲ್ ಹತ್ರ ಬರ್ತಿದ್ರು ಮೇಡಂ, ಈಗ ಸ್ಕ್ರೀನ್ ನೋಡ್ಕೊಂಡು ಹೋಗ್ತಾರೆ" ಅಂದಿದ್ರಂತೆ.

"ಇಂಟರ್‌ವ್ಯೂನಲ್ಲಿ ಬಂದ ಮಾತಿಗೆ ಒಂದೊಂದು ಹಣೆಪಟ್ಟಿ ಹಚ್ತೀವಲ್ಲ, ಅದೇ ಕೋಡ್. ಆ ಸಾಲನ್ನ ನಾನು ರೆಸಿಸ್ಟೆನ್ಸ್, ಅಂದ್ರೆ ಬದಲಾವಣೆಗೆ ವಿರೋಧ, ಅಂತ ಕೋಡ್ ಮಾಡ್ದೆ. ಅವರ ವಿಭಾಗದಲ್ಲಿ ರೆಸಿಸ್ಟೆನ್ಸ್ ಜಾಸ್ತಿ ಅಂತ ಮ್ಯಾನೇಜ್‌ಮೆಂಟಿಗೆ ರಿಪೋರ್ಟ್ ಹೋಯ್ತು. ಈಗ ಆ ವಿಭಾಗನೇ ಇಲ್ಲ."

ಆ ಕ್ಲರ್ಕ್ ವಿರೋಧ ಮಾಡ್ತಿದ್ರಾ, ದುಃಖ ಹೇಳ್ಕೋತಿದ್ರಾ ಅಂದೆ. "ದುಃಖಕ್ಕೆ ನನ್ನ ಹತ್ರ ಕೋಡೇ ಇರ್ಲಿಲ್ಲ" ಅಂದ್ರು.

ಫೋನ್ ಮಾಡಿ ಆ ಕ್ಲರ್ಕ್ ಹತ್ರ ಕ್ಷಮೆ ಕೇಳ್ತೀನಿ ಅಂತ ಹೊರಟಿದ್ರು. ಬೇಡ ಅಂದೆ. ಇದು ಕಠೋರ ಅಂತ ನನ್ನ ಸಹೋದ್ಯೋಗಿಗಳೇ ಬೈದ್ರು, ಬೈಲಿ. ಕೆಲಸ ಕಳ್ಕೊಂಡೋರ ಹತ್ರ ನಮ್ಮ ಪಶ್ಚಾತ್ತಾಪ ಹೊತ್ಕೊಂಡು ಹೋದ್ರೆ ನಮಗೆ ಸಮಾಧಾನ ಹೇಳೋ ಕೆಲಸನೂ ಅವರ ತಲೆ ಮೇಲೇ ಬೀಳುತ್ತೆ. ಒಂದು ಪದದಿಂದಲೇ ವಿಭಾಗ ಮುಚ್ತು ಅಂತ ನಾನು ನಂಬಲ್ಲ, ಸಹಿ ಹಾಕಿದೋರು ಬೇರೆ, ಆದ್ರೆ ಪದ ಇವರದ್ದೇ ತಾನೇ. ಸಂಸ್ಥೆಗಳು ತರೋಕೆ ಹೊರಟ ಬದಲಾವಣೆಗಳಲ್ಲಿ 70% ಫೇಲ್ ಆಗ್ತವೆ ಅನ್ನೋ ಅಂಕಿಗೆ ಗಟ್ಟಿ ಪುರಾವೆ ಇಲ್ಲ ಅಂತ ಸಂಶೋಧಕ ಮಾರ್ಕ್ ಹ್ಯೂಸ್ 2011ರಲ್ಲೇ ಬರೆದಿದ್ದನ್ನ ಕ್ಲಾಸಲ್ಲಿ ಹೇಳ್ಕೊಡೋರು ಇವರು, ಬೇರೆಯವರ ಅಂಕಿ ಪ್ರಶ್ನೆ ಮಾಡೋರು ತಮ್ಮ ಪದ ತಿದ್ದೋಕೆ ಯಾಕೆ ಹೆದರ್ಬೇಕು? ಟ್ರಾನ್ಸ್‌ಕ್ರಿಪ್ಟ್ ಎಲ್ಲಾ ಮತ್ತೆ ಓದಿ, ಹೊಸದಾಗಿ ಕೋಡ್ ಮಾಡಿ, ಮೊದಲು ಏನಂತ ಓದಿದ್ದೆ ಆಮೇಲೆ ಯಾಕೆ ಬದಲಾಯಿಸ್ದೆ ಅಂತ ಪೇಪರಲ್ಲೇ ಬರೀರಿ, ಸಂಸ್ಥೆಗೂ ತಿದ್ದುಪಡಿ ಕಳಿಸಿ ಅಂದೆ. ಇಂಟರ್‌ವ್ಯೂ ಮಾಡೋ ಎಲ್ರಿಗೂ ಇದನ್ನೇ ಹೇಳ್ತೀನಿ, ರಿಪೋರ್ಟ್ ಯಾರ ಕೈಗೆ ಹೋಗುತ್ತೆ ಅಂತ ಎದುರಿಗೆ ಕೂತೋರಿಗೆ ಮೊದಲೇ ಹೇಳ್ಬಿಡಿ.

ಹೋದ ವಾರ ಬಂದಿದ್ರು. ಹದಿನೆಂಟರಲ್ಲಿ ಏಳು ಟ್ರಾನ್ಸ್‌ಕ್ರಿಪ್ಟ್ ಮುಗಿದಿದೆಯಂತೆ. ನಿದ್ದೆ ಇನ್ನೂ ಅಷ್ಟಕ್ಕಷ್ಟೇ.