ಓದುಗರ ಪ್ರಶ್ನೆಗಳಿಗೆ ಉತ್ತರ: ಕಸೂತಿಯ ಎಣಿಕೆ, ಇಳಕಲ್ ಕೊಂಡಿ, ರೇಷ್ಮೆಯ ಬಣ್ಣ

ಧಾರವಾಡದ ನಮ್ಮ ಕಸೂತಿ ಮತ್ತು ನೇಯ್ಗೆ ಬಳಗವು ನಡೆಸುವ ಕಮ್ಮಟಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದ ಮೇಲೆ ಹಲವು ಪತ್ರಗಳು ಬಂದಿವೆ. ಒಂದೇ ವಿಷಯವನ್ನು ಕೇಳಿದವರ ಪತ್ರಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮಾನ್ಯರೇ, ನಿಮ್ಮ ಎರಡು ದಿನಗಳ ಕಮ್ಮಟದಲ್ಲಿ ಮೊದಲ ದಿನವೆಲ್ಲ ಎಳೆ ಎಣಿಸಲು ಬರುವ ಮ್ಯಾಟಿ ಬಟ್ಟೆಯ ಮೇಲೆ ಬರಿಯ ಗೆರೆಗಳನ್ನೇ ಹಾಕಿಸಿದಿರಿ. ನನಗೆ ಹೊಲಿಗೆ ಚೆನ್ನಾಗಿ ಬರುತ್ತದೆ. ಕಾರ್ಬನ್ ಕಾಗದದಿಂದ ಚಿತ್ತಾರವನ್ನು ರೇಷ್ಮೆ ಸೀರೆಗೆ ಇಳಿಸಿಕೊಂಡು ನೇರವಾಗಿ ಹಾಕಿದರೆ ಆಗದೇ? (ಓದುಗರು, ಹುಬ್ಬಳ್ಳಿ)

ಉತ್ತರ: ಹಾಗೆ ಹಾಕಿದರೆ ಸುಂದರವಾದ ಕೈಹೊಲಿಗೆ ಆಗಬಹುದು, ಕಸೂತಿ ಆಗುವುದಿಲ್ಲ. ಕಸೂತಿಗೆ ಬಟ್ಟೆಯ ಮೇಲೆ ಬರೆದ ಗೆರೆಯ ಆಧಾರವಿಲ್ಲ. ಉದ್ದದ ಹಾಸು ಮತ್ತು ಅಡ್ಡದ ಹೊಕ್ಕಿನ ಎಳೆಗಳ ಎಣಿಕೆಯೇ ಅದರ ಆಧಾರ. ಗವಂತಿ, ಮುರಗಿ, ನೇಯ್ಗೆ (ನೇಯ್ದಂತೆ ಕಾಣುವ ಹೊಲಿಗೆ), ಮೆಂತಿ (ಒಂದರ ಮೇಲೊಂದು ಅಡ್ಡಹಾಯುವ ಹೊಲಿಗೆ) ಎಂಬ ನಾಲ್ಕು ಹೊಲಿಗೆಗಳೂ ಈ ಎಣಿಕೆಯಿಂದಲೇ ಹುಟ್ಟುತ್ತವೆ. ಗವಂತಿಯಲ್ಲಿ ಒಂದು ಹೊಲಿಗೆ ಮೇಲೆ, ಒಂದು ಹೊಲಿಗೆ ಕೆಳಗೆ ಎಂದು ಗೆರೆಯ ತುದಿಯವರೆಗೆ ಹೋಗಿ, ಅದೇ ದಾರಿಯಲ್ಲಿ ಹಿಂತಿರುಗುವಾಗ ಬಿಟ್ಟ ಜಾಗಗಳನ್ನು ತುಂಬುತ್ತೇವೆ. ಹೀಗಾಗಿ ಬಟ್ಟೆಯ ಎರಡೂ ಬದಿಯಲ್ಲಿ ಚಿತ್ತಾರ ಒಂದೇ ರೀತಿ ಕಾಣುತ್ತದೆ. ಮುರಗಿಯೂ ಇದೇ ಬಗೆಯದು, ಆದರೆ ಅದು ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಎರಡೂ ಬದಿ ಒಂದೇ ಆಗಿರಬೇಕಾದುದರಿಂದ ದಾರಕ್ಕೆ ಗಂಟು ಹಾಕುವಂತಿಲ್ಲ. ಆರಂಭದಲ್ಲಿ ಸ್ವಲ್ಪ ದಾರವನ್ನು ಬಿಟ್ಟು, ಹಿಂತಿರುಗುವ ಹೊಲಿಗೆಯಲ್ಲಿ ಅದನ್ನು ಅಡಗಿಸಬೇಕು.

ಮೊದಲ ದಿನ ಗೆರೆ ಹಾಕಿಸುವುದು ಈ ಕಾರಣಕ್ಕೆ. ಗೋಪುರವನ್ನೋ ತುಳಸಿಕಟ್ಟೆಯನ್ನೋ ಹಾಕಲು ಕುಳಿತಾಗ, ಸೂಜಿ ಯಾವ ಕವಲಿಗೆ ಮೊದಲು ಹೋಗಬೇಕು, ಅಲ್ಲಿಂದ ಹೇಗೆ ಮರಳಬೇಕು ಎಂಬ ದಾರಿ ಮನಸ್ಸಿನಲ್ಲಿ ಪೂರ್ತಿ ಮೂಡಿರಬೇಕು. ಒಂದು ಎಳೆ ತಪ್ಪಿ ಎಣಿಸಿದರೆ ಆ ತಪ್ಪು ಅಲ್ಲಿಯೇ ಕಾಣುವುದಿಲ್ಲ. ಗೋಪುರದ ಇನ್ನೊಂದು ಬದಿಯನ್ನು ಮುಚ್ಚಲು ಬಂದಾಗ ಎರಡು ಗೆರೆಗಳು ಕೂಡುವುದೇ ಇಲ್ಲ. ಆಗ ಬಿಚ್ಚುವುದೊಂದೇ ದಾರಿ. ಹೊಲಿಗೆ ಚೆನ್ನಾಗಿ ಬಲ್ಲವರಿಗೇ ಮೊದಮೊದಲು ಇದು ಹೆಚ್ಚು ಕಷ್ಟವೆನಿಸುವುದನ್ನು ನಾನು ಪ್ರತಿ ಕಮ್ಮಟದಲ್ಲಿಯೂ ನೋಡಿದ್ದೇನೆ, ಏಕೆಂದರೆ ಅವರ ಕೈ ಕಣ್ಣಿಗಿಂತ ಮುಂದೆ ಓಡುತ್ತದೆ.

ರೇಷ್ಮೆ ಸೀರೆಯ ಎಳೆಗಳು ಎಣಿಸಲಾಗದಷ್ಟು ನವಿರು ಎಂಬ ತೊಂದರೆಯೇನೋ ನಿಜವಾದದ್ದು. ಅದಕ್ಕೆ ಉಪಾಯವಿದೆ. ಎಣಿಸಲು ಬರುವಂತಹ ಬಿಡಿ ನೇಯ್ಗೆಯ ಬಟ್ಟೆಯ ತುಂಡನ್ನು ರೇಷ್ಮೆಯ ಮೇಲಿಟ್ಟು, ಎಳೆಗಳು ಎರಡಕ್ಕೂ ನೇರವಾಗಿರುವಂತೆ ನೋಡಿಕೊಂಡು ಸುತ್ತಲೂ ಟಾಕು ಹಾಕಿಕೊಳ್ಳಬೇಕು. ಮೇಲಿನ ಬಟ್ಟೆಯ ಎಳೆಗಳನ್ನು ಎಣಿಸುತ್ತ ಎರಡನ್ನೂ ಸೇರಿಸಿ ಕಸೂತಿ ಹಾಕಿ, ಮುಗಿದ ಮೇಲೆ ಮೇಲಿನ ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆದರೆ ಚಿತ್ತಾರ ರೇಷ್ಮೆಯ ಮೇಲೆ ಉಳಿಯುತ್ತದೆ. ಸೂಜಿ ಎಳೆಗಳ ನಡುವಿನ ಕಿಂಡಿಯಲ್ಲಿಯೇ ಇಳಿಯಬೇಕು, ಎಳೆಯನ್ನು ಚುಚ್ಚಿದರೆ ಕೊನೆಗೆ ಅದು ಹೊರಬರುವುದಿಲ್ಲ. ದಾರವನ್ನು ತುಸು ಬಿಗಿಯಾಗಿಯೇ ಎಳೆಯಿರಿ. ಇಲ್ಲದಿದ್ದರೆ ಮೇಲಿನ ಬಟ್ಟೆ ಹೋದೊಡನೆ ಹೊಲಿಗೆಗಳು ಸಡಿಲವಾಗಿ ಜೋತುಬೀಳುತ್ತವೆ. ಇದನ್ನು ಎರಡನೆಯ ದಿನ ಮಧ್ಯಾಹ್ನ ಹೇಳಿಕೊಡುತ್ತೇವೆ. ಅಂದು ನೀವು ಬೇಗ ಹೊರಟುಹೋದಿರೆಂದು ತೋರುತ್ತದೆ; ಮತ್ತೊಮ್ಮೆ ಖಂಡಿತ ಬನ್ನಿ.

ಪ್ರಶ್ನೆ: ಅಕ್ಕನವರೇ, ನಮ್ಮ ಅಜ್ಜಿಯ ಇಳಕಲ್ ಸೀರೆಯ ಒಡಲು ಅಲ್ಲಲ್ಲಿ ಹರಿದಿದೆ, ಆದರೆ ಸೆರಗು ಇನ್ನೂ ಗಟ್ಟಿಯಾಗಿದೆ. ಇಳಕಲ್ಲಿನಲ್ಲಿ ಸೆರಗನ್ನು ಬೇರೆಯಾಗಿಯೇ ಕೂಡಿಸುತ್ತಾರೆಂದು ಕೇಳಿದ್ದೇನೆ. ನಿಮ್ಮ ಬಳಗ ಅಲ್ಲಿಗೆ ಹೋಗುವಾಗ ಈ ಸೆರಗನ್ನು ಹೊಸ ಒಡಲಿಗೆ ಕೂಡಿಸಿ ತರಬಹುದೇ? (ಓದುಗರು, ಬೆಂಗಳೂರು)

ಉತ್ತರ: ಹಾಗೆ ಮಾಡಲು ಬರುವುದಿಲ್ಲ, ಏಕೆ ಎಂಬುದನ್ನು ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಮಗ್ಗದ ಮುಂದೆ ನಿಂತು ನೋಡಿದರೆ ಒಂದೇ ನೋಟದಲ್ಲಿ ತಿಳಿಯುತ್ತದೆ. ಅಲ್ಲಿ ಕೂಡಿಸುವುದು ನೇಯ್ದ ಸೆರಗನ್ನಲ್ಲ, ನೇಯುವ ಮೊದಲಿನ ಹಾಸನ್ನು. ಒಡಲಿನ ಹತ್ತಿಯ ಹಾಸಿನ ತುದಿಯಲ್ಲಿರುವ ಕುಣಿಕೆಗಳಿಗೆ ಸೆರಗಿನ ರೇಷ್ಮೆಯ ಹಾಸಿನ ಕುಣಿಕೆಗಳನ್ನು ಒಂದೊಂದಾಗಿ ಸಿಕ್ಕಿಸುತ್ತಾರೆ. ಇದಕ್ಕೇ ಕೊಂಡಿ ಎನ್ನುವುದು. ಆಮೇಲೆ ನೇಯ್ಗೆ ನಡೆದಾಗ ಹೊಕ್ಕಿನ ಎಳೆಗಳು ಈ ಸಂದನ್ನು ಒತ್ತಿ ಹಿಡಿದುಬಿಡುತ್ತವೆ. ಬೆಲೆಬಾಳುವ ರೇಷ್ಮೆ ಎದ್ದು ಕಾಣುವ ಸೆರಗಿಗೆ, ದಿನದಿನದ ದುಡಿಮೆಯನ್ನು ತಾಳುವ ಹತ್ತಿ ಒಡಲಿಗೆ ಎಂಬ ಈ ಹಂಚಿಕೆ ನನಗೆ ಬಹಳ ಜಾಣತನದ್ದೆಂದು ತೋರುತ್ತದೆ. ಇದಕ್ಕಾಗಿ ನೇಕಾರರು ತೆರುವ ಶ್ರಮವೂ ಕಡಿಮೆಯದಲ್ಲ: ಉದ್ದನೆಯ ಹಾಸನ್ನು ಒಮ್ಮೆ ಹೂಡಿ ಸೀರೆಯ ಮೇಲೆ ಸೀರೆ ನೇಯುತ್ತ ಹೋಗುವಂತಿಲ್ಲ, ಪ್ರತಿ ಸೀರೆಗೂ ಕೊಂಡಿ ಹೊಸದಾಗಿಯೇ ಬೀಳಬೇಕು.

ನಿಮ್ಮ ಸೀರೆಯ ಮಟ್ಟಿಗೆ ನನ್ನ ಸಲಹೆ ಇದು. ಸೆರಗನ್ನು ಕತ್ತರಿಸುವುದೇ ಆದರೆ ಕೊಂಡಿಯ ಗೆರೆಯ ಮೇಲೆ ಕತ್ತರಿ ಇಡಬೇಡಿ. ಕೊಂಡಿಯಿಂದ ನಾಲ್ಕು ಬೆರಳಿನಷ್ಟು ಒಡಲನ್ನು ಸೆರಗಿನ ಜೊತೆಯಲ್ಲಿಯೇ ಬಿಟ್ಟು ಕತ್ತರಿಸಿ, ತೆಳ್ಳನೆಯ ಹತ್ತಿ ಬಟ್ಟೆಯ ಆಸರೆ ಕೊಟ್ಟು ಹೊಲಿದರೆ, ತೋಪುತೆನೆ ಎಂಬ ಚಿತ್ತಾರದ ಕೆಂಪು ಬಿಳಿ ಸೆರಗು ದುಪಟ್ಟಾ ಆಗಿಯಾದರೂ ಉಳಿಯುತ್ತದೆ, ಕೊಂಡಿಯೂ ಕಣ್ಣಿಗೆ ಕಾಣುತ್ತದೆ.

ಪ್ರಶ್ನೆ: ಮನೆಯಲ್ಲಿಯೇ ರೇಷ್ಮೆ ದಾರಕ್ಕೆ ಅರಿಶಿನದ ಬಣ್ಣ ಹಾಕಿದೆ. ಮೊದಲು ಬಂಗಾರದಂತೆ ಇತ್ತು. ಬಿಸಿಲಿನಲ್ಲಿ ಒಣಗಿಸುತ್ತ ಬಂದಂತೆ ಮಾಸಿಹೋಯಿತು. ದಾರವೂ ಮೊದಲಿನಿಂದಲೇ ಒರಟಾಗಿದೆ. ನಿಮ್ಮ ಬಣ್ಣದ ಕಮ್ಮಟದಲ್ಲಿ ಏನು ಮಾಡುತ್ತೀರಿ? (ಓದುಗರು, ಶಿರಸಿ)

ಉತ್ತರ: ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ, ಅದು ನಿಮ್ಮ ತಪ್ಪಲ್ಲ. ಒರಟುತನಕ್ಕೆ ಕಾರಣ ಬೇರೆ. ಗೂಡಿನಿಂದ ಬಿಚ್ಚಿದ ಕಚ್ಚಾ ರೇಷ್ಮೆಯ ಎಳೆಯ ಸುತ್ತ ಸೆರಿಸಿನ್ ಎಂಬ ಅಂಟು ಇರುತ್ತದೆ, ತೂಕದಲ್ಲಿ ಅದು ಸುಮಾರು ಕಾಲುಭಾಗದಷ್ಟಿರಬಹುದು. ಮೃದುವಾದ ಸಾಬೂನು ಕರಗಿಸಿದ ಬಿಸಿನೀರಿನಲ್ಲಿ ಕುದಿಯ ಹತ್ತಿರದ ಶಾಖದಲ್ಲಿ ಇಟ್ಟು ಈ ಅಂಟನ್ನು ತೆಗೆದ ಮೇಲೆಯೇ ರೇಷ್ಮೆಗೆ ನಾವು ತಿಳಿದ ನುಣುಪೂ ಹೊಳಪೂ ಬರುವುದು. ಅಂಟು ತೆಗೆದು ಒಣಗಿಸಿದ ನಂತರ ದಾರವನ್ನು ಮತ್ತೆ ತೂಗಬೇಕೆಂದು ನಮ್ಮಲ್ಲಿ ಕಡ್ಡಾಯ ಮಾಡಿದ್ದೇವೆ, ಏಕೆಂದರೆ ಮುಂದಿನ ಎಲ್ಲ ಲೆಕ್ಕವೂ ಆ ತೂಕದ ಮೇಲೆ ನಿಂತಿದೆ.

100 ಗ್ರಾಂ ದಾರಕ್ಕೆ 10ರಿಂದ 15 ಗ್ರಾಂ ಪಟಿಕವನ್ನು ಕರಗಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿಯೆಲ್ಲ ನೆನೆಯಿಡುತ್ತೇವೆ. ಬಣ್ಣವನ್ನು ಎಳೆಗೆ ಕಚ್ಚಿಸುವುದು ಈ ಪಟಿಕವೇ. ಹಳದಿಗೆ ಚೆಂಡುಹೂವು ಅಥವಾ ದಾಳಿಂಬೆ ಸಿಪ್ಪೆ, ಕೆಂಪಿಗೆ ಮಂಜಿಷ್ಠ ಅಥವಾ ಅರಗು ಬಳಸುತ್ತೇವೆ. ಮಂಜಿಷ್ಠದ ನೀರನ್ನು ಕುದಿಸಬಾರದು. ಹೆಚ್ಚು ಕಾದರೆ ಕೆಂಪು ಕಂದಾಗುತ್ತದೆ. ಅದೇ ಹಳದಿ ದಾರವನ್ನು ಚಿಟಿಕೆ ಅನ್ನಭೇದಿ (ಕಬ್ಬಿಣದ ಲವಣ) ಕರಗಿಸಿದ ನೀರಿನಲ್ಲಿ ಅದ್ದಿದರೆ ಕಣ್ಣೆದುರೇ ಹಸಿರುಗಪ್ಪಿಗೆ ತಿರುಗುತ್ತದೆ. ಇದನ್ನು ಕಂಡ ಮಕ್ಕಳಿಗೆ ಆಗುವ ಸಂತೋಷವನ್ನು ನೋಡಲೆಂದೇ ನಾನು ಈ ಪಾಠವನ್ನು ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ. ಆದರೆ ಅನ್ನಭೇದಿ ಹೆಚ್ಚಾದರೆ ರೇಷ್ಮೆ ಕಾಲಕ್ರಮದಲ್ಲಿ ಪೆಡಸಾಗಿ ತುಂಡಾಗುತ್ತದೆ. ಬಟ್ಟೆಸೋಡಾವನ್ನು ಒಗೆಯಲು ಬಳಸಬೇಡಿ, ನೆರಳಿನಲ್ಲಿಯೇ ಒಣಗಿಸಿ. ಬಣ್ಣಕ್ಕೆ ಬಳಸಿದ ಪಾತ್ರೆಯನ್ನು ಮತ್ತೆ ಅಡುಗೆಗೆ ತೆಗೆದುಕೊಳ್ಳಲೇಬಾರದು.

ಪ್ರಶ್ನೆ: ಗಂಡಸರು ಕಮ್ಮಟಕ್ಕೆ ಬರಬಹುದೇ? (ಓದುಗರು, ಗದಗ)

ಉತ್ತರ: ಅವಶ್ಯವಾಗಿ ಬನ್ನಿ. ಓದುವ ಕನ್ನಡಕವಿದ್ದರೆ ಮರೆಯದೆ ತನ್ನಿ.

ಪ್ರಶ್ನೆ: ಪೇಟೆಯಲ್ಲಿ ಕೈಕಸೂತಿ ಎಂದು ಹೇಳಿ ಮಾರುವ ಸೀರೆಗಳು ನಿಮ್ಮ ಬಳಗದ ಮಾರಾಟದ ಸೀರೆಗಿಂತ ಬಹಳ ಅಗ್ಗವಾಗಿವೆ. ವ್ಯತ್ಯಾಸವನ್ನು ಹೇಗೆ ಗುರುತಿಸುವುದು? (ಓದುಗರು, ಮೈಸೂರು)

ಉತ್ತರ: ಸೀರೆಯನ್ನು ತಿರುಗಿಸಿ ಹಿಂಬದಿಯನ್ನು ನೋಡಿ. ಗವಂತಿ ಮತ್ತು ಮುರಗಿಯಲ್ಲಿ ಹಿಂಬದಿಯೂ ಮುಂಬದಿಯಷ್ಟೇ ಸ್ವಚ್ಛವಾಗಿರುತ್ತದೆ. ಯಂತ್ರದ ಕೆಲಸದಲ್ಲಿ ಕೆಳಗಿನ ದಾರ ಬೇರೆಯೇ ಇರುವುದರಿಂದ, ಹೆಚ್ಚಾಗಿ ಬೇರೆ ಬಣ್ಣದ ದಾರ ಹಿಂಬದಿಯಲ್ಲಿ ಕಾಣುತ್ತದೆ. ಕೆಲವೊಮ್ಮೆ ಕಾಗದದಂತಹ ಆಸರೆಯ ಬಟ್ಟೆಯೂ ಅಂಟಿಕೊಂಡಿರುತ್ತದೆ. ಒಂದು ಎಚ್ಚರಿಕೆ: ನೇಯ್ಗೆ ಮತ್ತು ಮೆಂತಿ ಹೊಲಿಗೆಗಳಲ್ಲಿ ಕೈಯಿಂದ ಹಾಕಿದಾಗಲೂ ಎರಡು ಬದಿ ಒಂದೇ ಆಗಿರುವುದಿಲ್ಲ, ಆದುದರಿಂದ ಅಷ್ಟಕ್ಕೇ ಮಾರುವವರನ್ನು ಸಂದೇಹಿಸಬೇಡಿ. ಬೆಲೆಯ ಬಗ್ಗೆ ನಾನು ಮುಚ್ಚುಮರೆಯಿಲ್ಲದೆ ಹೇಳಬೇಕು. ಸೆರಗಿನಲ್ಲಿ ಗೋಪುರಗಳ ಸಾಲು, ಒಡಲಿನಲ್ಲಿ ಬಿಡಿ ಚುಕ್ಕಿಗಳು, ನಡುವೆ ಆನೆ ಅಂಬಾರಿ ಎಂದು ತುಂಬಿಸಿದ ಒಂದು ಸೀರೆ ಒಬ್ಬ ಹೆಂಗಸಿನ ತಿಂಗಳುಗಟ್ಟಲೆ ದುಡಿಮೆಯನ್ನು ಕೇಳುತ್ತದೆ, ಅದೂ ಹಗಲಿನ ಬೆಳಕಿನಲ್ಲಿ, ಮನೆಗೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ. ನಮ್ಮ ಸೀರೆಯ ಚೀಟಿಯಲ್ಲಿ ಬಟ್ಟೆಯ ಬೆಲೆ, ದಾರದ ಬೆಲೆ, ಕೂಲಿ ಎಂದು ಮೂರನ್ನೂ ಬೇರೆ ಬೇರೆ ಬರೆದಿರುತ್ತೇವೆ. ಕೂಲಿಯ ಸಾಲನ್ನು ಇಳಿಸಿ ಸೀರೆಯನ್ನು ಅಗ್ಗ ಮಾಡಲು ನಾವು ಒಪ್ಪುವುದಿಲ್ಲ.