ಹಾಗಲಕಾಯಿ ರಸ ಕುಡದ್ರ ಶುಗರ್ ಗುಳಿಗಿ ಬಿಡಬಹುದಾ?

ಪ್ರಶ್ನೆ: ಮೇಡಂ, ನಮಸ್ಕಾರ್ರಿ. ನನಗ 54 ವಯಸ್ಸು, ಆರು ವರ್ಷದಿಂದ ಶುಗರ್ ಐತಿ, ಮೆಟ್‌ಫಾರ್ಮಿನ್ ಮತ್ತ ಗ್ಲಿಮೆಪಿರೈಡ್ ಗುಳಿಗಿ ತಗೋತೀನಿ. ವಾಕಿಂಗ್ ಗೆಳ್ಯಾರು ಹೇಳಿದ್ರು ಅಂತ ಒಂದ್ ತಿಂಗಳಿಂದ ದಿನಾ ಮುಂಜಾನೆ ಖಾಲಿ ಹೊಟ್ಟಿಲೆ ಒಂದ್ ಗ್ಲಾಸ್ ಹಾಗಲಕಾಯಿ ರಸ ಕುಡಿಯಾಕತ್ತೀನಿ, ಅದರಾಗ ಸೋರೆಕಾಯಿನೂ ಹಾಕ್ತೀವಿ. ಫಾಸ್ಟಿಂಗ್ 160 ಇದ್ದದ್ದು 118 ಬಂತು. ಆದ್ರ ಎರಡ್ ಸಲ ಹನ್ನೊಂದರ ಸುಮಾರಿಗೆ ಕೈ ನಡುಗಿ, ಮೈಯೆಲ್ಲಾ ಬೆವತು, ಕಣ್ಣಿಗೆ ಕತ್ತಲಿ ಬಂದಂಗಾತು. ಇನ್ನ ಗುಳಿಗಿ ಬಿಟ್ಟು ಬರೇ ರಸದ ಮ್ಯಾಲೆ ಇರಬಹುದಾ?
— ಓದುಗರು, ನವನಗರ, ಹುಬ್ಬಳ್ಳಿ

ಉತ್ತರ: ಸರ್, 118ರ ಖುಷಿ ಆಮ್ಯಾಲಿರಲಿ, ಮೊದಲ ಆ ಕೈ ನಡುಗಿದ್ದರ ಮಾತಾಡೂಣ್ರಿ, ಯಾಕಂದ್ರ ನಿಮ್ಮ ಪತ್ರದಾಗ ನನಗ ಅಂಜಿಕಿ ಬಂದದ್ದು ಅದನ್ನ ಓದಿ. ಅದು ಬಹುತೇಕ ಶುಗರ್ ಇಳಿದಿದ್ದರ ಲಕ್ಷಣ. ಗ್ಲಿಮೆಪಿರೈಡ್ ಏನ್ ಮಾಡತೈತಿ ಅಂದ್ರ ಮೇದೋಜೀರಕ ಗ್ರಂಥಿನ ಹಿಂಡಿ ಇನ್ಸುಲಿನ್ ಹೊರಗ ತರಸತೈತಿ, ನೀವು ಉಂಡೀರೋ ಬಿಟ್ಟೀರೋ ಅದಕ್ಕ ಗೊತ್ತಿಲ್ಲ. ಹಾಗಲಕಾಯಿಯೊಳಗೂ ಚರಾಂಟಿನ್, ಪಾಲಿಪೆಪ್ಟೈಡ್-ಪಿ ಅಂತ ಶುಗರ್ ಇಳಸೂ ಅಂಶ ಅದಾವ. ಎರಡೂ ಕೂಡಿ ನಿಮ್ಮನ್ನ ಕೆಳಗ ಜಗ್ಗಾಕತ್ತಾವ, ಅದೂ ಖಾಲಿ ಹೊಟ್ಟಿಲೆ. ಇನ್ನೊಮ್ಮೆ ಹಂಗಾದ್ರ ತಡ ಮಾಡಬ್ಯಾಡ್ರಿ, ಮೂರು ಸಣ್ಣ ಚಮಚೆ ಸಕ್ಕರಿ ನೀರಾಗ ಕಲಿಸಿ ಕುಡಿರಿ, ಮೀಟರ್ ಇದ್ರ ನೋಡ್ರಿ, 70ರ ಕೆಳಗ ಇದ್ರ ಅದು ಲೋ ಶುಗರ್, 15 ನಿಮಿಷ ಬಿಟ್ಟು ಮತ್ತ ನೋಡ್ರಿ. ಗಾಡಿ ಹೊಡೆಯೂ ಹೊತ್ತಿನ್ಯಾಗ ಹಿಂಗಾದ್ರ ಏನ್ ಗತಿ ಅನ್ನೂದು ನೆನಪಿರಲಿ.

ರಸ ಇವತ್ತ ನಿಲ್ಲಸ್ರಿ, ಗುಳಿಗಿ ಮಾತ್ರ ನಿಲ್ಲಸಬ್ಯಾಡ್ರಿ. ಈ ವಾರನ ಡಾಕ್ಟರ್ ಹತ್ರ ಹೋಗಿ ರಸದ ವಿಷಯ ಮುಚ್ಚದ ಹೇಳ್ರಿ, ಬೈತಾರ ಅಂತ ಮುಚ್ಚಿಡ್ತಾರ ನಮ್ಮ ಮಂದಿ, ಆವಾಗ ಅವರು ಪಾಪ ಯಾವ ಲೆಕ್ಕದ ಮ್ಯಾಲೆ ಗುಳಿಗಿ ಬರಿಬೇಕ್ರಿ? ಎಚ್‌ಬಿಎ1ಸಿ ಅನ್ನೂ ರಕ್ತ ಪರೀಕ್ಷೆನೂ ಮಾಡಸ್ರಿ, ಅದು ಮೂರು ತಿಂಗಳ ಶುಗರಿನ ಸರಾಸರಿ ಹೇಳತೈತಿ, ಒಂದ್ ದಿನದ ಫಾಸ್ಟಿಂಗ್ ಬರೇ ಆ ಮುಂಜಾನಿದು.

ಗುಳಿಗಿ ಬದ್ಲಿ ಹಾಗಲಕಾಯಿ ಸಾಕಾಗತೈತೇನು? ಇಲ್ರಿ. ಥಾಯ್ಲೆಂಡಿನ್ಯಾಗ ಮಾಡಿದ್ದ ಒಂದು ಪರೀಕ್ಷೆ 2011ರಾಗ ಪ್ರಕಟ ಆತು, ದಿನಕ್ಕ 2000 ಮಿಲಿಗ್ರಾಂ ಒಣ ಹಾಗಲಕಾಯಿ ಕೊಟ್ಟು ನಾಕು ವಾರ ನೋಡಿದ್ರು, ಶುಗರ್ ಸ್ವಲ್ಪ ಇಳೀತು, ಆದ್ರ 1000 ಮಿಲಿಗ್ರಾಂ ಮೆಟ್‌ಫಾರ್ಮಿನ್ ಇಳಿಸಿದಷ್ಟು ಅಲ್ಲ. 2012ರಾಗ ಕೊಕ್ರೇನ್ ಅಂತ, ಔಷಧದ ಪರೀಕ್ಷೆ ಎಲ್ಲಾ ಕೂಡಿಸಿ ತೂಗಿ ನೋಡೂ ಸಂಸ್ಥೆಯವರು ನಾಕು ಪರೀಕ್ಷೆ, ಒಟ್ಟು 479 ಜನರ ಲೆಕ್ಕ ತಗದು ನೋಡಿ, ಇದನ್ನ ಶುಗರಿಗೆ ಔಷಧ ಅನ್ನಾಕ ಪುರಾವೆ ಸಾಲೂದಿಲ್ಲ ಅಂದ್ರು. ಹಂಗಂತ ಹಾಗಲಕಾಯಿ ಕೆಟ್ಟದ್ದಲ್ಲ, ತಾಟಿನ್ಯಾಗ ಪಲ್ಯಾ ಆಗಿ ಬಂದ್ರ ಬಹಳ ಚಲೋ ಕಾಯಿಪಲ್ಯಾ.

ಇನ್ನ ಸೋರೆಕಾಯಿ. ದಯವಿಟ್ಟು ಎರಡೂ ಕೂಡಿಸಿ ರಸ ಮಾಡಬ್ಯಾಡ್ರಿ. ಸೋರೆಕಾಯಿ ಒಮ್ಮೊಮ್ಮೆ ಕಹಿ ಇರತೈತಿ, ಆ ಕಹಿಯೊಳಗ ಕುಕುರ್ಬಿಟಾಸಿನ್ ಅನ್ನೂ ವಿಷ ಇರತೈತಿ, ಅದರಿಂದ ವಾಂತಿ ಭೇದಿ ಆಗಿ, ಬಿಪಿ ಕುಸಿದು ನಮ್ಮ ದೇಶದಾಗ ಜೀವಾನೂ ಹೋಗ್ಯಾವ. ಬರೇ ಸೋರೆಕಾಯಿ ಆದ್ರ ನಾಲಿಗಿ ಹೇಳತೈತಿ, ಉಗುಳತೀರಿ. ಹಾಗಲಕಾಯಿ ಜೋಡಿ ಅರದ್ರ ಯಾವುದರ ಕಹಿ ಅಂತ ಹೆಂಗ್ ಗೊತ್ತಾಗಬೇಕ್ರಿ? ಅದಕ್ಕ ಹೇಳಾಕತ್ತೀನಿ.

ಪ್ರಶ್ನೆ: ಸೊಸಿಗೆ ಈಗ ನಾಕು ತಿಂಗಳು. ಹಾಗಲಕಾಯಿ ಅಂದ್ರ ಆಕಿಗೆ ಜೀವ, ನಾನು ಬ್ಯಾಡ ಅಂತೀನಿ. ಯಾರದು ಖರೇ?
— ಅತ್ತಿ, ಹಾವೇರಿ

ಉತ್ತರ: ಇಬ್ಬರದೂ ಅರ್ಧ ಅರ್ಧ ಖರೇ ಅಕ್ಕಾರ. ಎಂದರ ಒಮ್ಮೆ ಬೀಜ ತಗದು ಮಾಡಿದ ಪಲ್ಯಾ ಊಟದ ಜೋಡಿ ಸ್ವಲ್ಪ ತಿಂದ್ರ ಅಂಜೂದು ಬ್ಯಾಡ. ರಸ, ಪುಡಿ, ಕ್ಯಾಪ್ಸೂಲ್, ಬೀಜ ಇವು ಮಾತ್ರ ಬಸರಿ ಹೆಣ್ಮಕ್ಕಳಿಗೆ ಬ್ಯಾಡೇಬ್ಯಾಡ. ಜಿ6ಪಿಡಿ ಕೊರತಿ (ರಕ್ತದ ಕಣ ಕಾಯೂ ಒಂದು ಕಿಣ್ವ ಹುಟ್ಟಿನಿಂದ ಕಡಿಮಿ ಇರೂದು) ಐತಿ ಅಂತ ಡಾಕ್ಟರ್ ಯಾರಿಗೆ ಹೇಳ್ಯಾರೋ ಅವರೂ ದೂರ ಇರಬೇಕು, ಬೀಜದಾಗಿನ ವಿಸಿನ್ ಅನ್ನೂ ಅಂಶ ಅಂಥವರ ರಕ್ತದ ಕಣ ಒಡೆಯಬಹುದು.

ಪ್ರಶ್ನೆ: ಅಪ್ಪಾಜಿಗೆ ಹದಿನೈದು ವರ್ಷದಿಂದ ಶುಗರ್. ಹಾಗಲಕಾಯಿ ಜಜ್ಜಿ ಬುಟ್ಟ್ಯಾಗ ಹಾಕಿ ಬರಿಗಾಲಿಲೆ ಅರ್ಧ ತಾಸು ತುಳದ್ರ ಬಾಯಿ ಕಹಿ ಆಗತೈತಿ, ಶುಗರ್ ಇಳಿತೈತಿ ಅಂತ ಯಾರೋ ವಿಡಿಯೋ ಕಳಿಸ್ಯಾರ, ಅವರು ದಿನಾ ತುಳಿಯಾಕತ್ಯಾರ. ಹೇಳಿದ್ರ ಕೇಳವಲ್ರು.
— ಮಗಳು, ಗದಗ

ಉತ್ತರ: ತಂಗಿ, ಅವರಿಗೆ ಒಂದ ಮಾತು ಕೇಳವ್ವ. ಔಷಧ ಅಂಗಾಲಿನಿಂದ ಒಳಗ ಹೋಗೂದು ಅಷ್ಟ ಸರಳ ಇದ್ದಿದ್ರ ಜಗತ್ತಿನ್ಯಾಗ ಇಷ್ಟು ಮಂದಿ ದಿನಾ ಇನ್ಸುಲಿನ್ ಚುಚ್ಚಿಕೋತಿದ್ರಾ? ಕೈಗೆ ಸವರಿಕೊಂಡ್ರ ಮುಗೀತಿತ್ತು. ಚರ್ಮ ಇರೂದ ಹೊರಗಿಂದು ಒಳಗ ಬಿಡಬಾರದು ಅಂತ, ಅದರಾಗ ಅಂಗಾಲಿನ ಚರ್ಮ ಎಲ್ಲಾಕಿಂತ ದಪ್ಪ.

ಉಪಯೋಗ ಇಲ್ಲ ಅಷ್ಟ ಆಗಿದ್ರ ಬಿಡು ಅಂತಿದ್ದೆ, ಇದು ಅಪಾಯ. ಹದಿನೈದು ವರ್ಷ ಶುಗರ್ ಇದ್ದವರಾಗ ಬಹಳ ಮಂದಿಗೆ ಪಾದದ ನರ ಸ್ಪರ್ಶ ಕಳಕೊಂಡಿರತಾವ. ನಮ್ಮ ಸೋದರಮಾವನೂ ಹಿಂಗ ತುಳೀತಿದ್ರು. ಒಂದಿನ ಕಾಲ ಒರಸಿಕೊಂಡ ಬಿಳಿ ಟಾವೆಲಿನ ಮ್ಯಾಲೆ ರುಪಾಯಿಯಷ್ಟು ಅಗಲ ಕೆಂಪು ಕಲೆ ಕಂಡು ಅತ್ತಿ ಕಾಲ ಎತ್ತಿ ನೋಡಿದ್ರ ಹಿಮ್ಮಡಿ ಹತ್ರ ಹೊಲಿಗಿ ಸೂಜಿಯ ಮುರದ ತುಂಡು ಚುಚ್ಚಿಕೊಂಡಿತ್ತು, ಸುತ್ತ ಚರ್ಮ ನೆನದು ಬೆಳ್ಳಗಾಗಿತ್ತು. ಮಾವಗ ನೋವ ಇರಲಿಲ್ಲ. "ಎಲ್ಲಿ, ಏನಾಗೇತಿ?" ಅಂತ ಕೇಳಿದ್ರಂತ. ಆ ಗಾಯ ಮಾಯಾಕ ನಾಕು ತಿಂಗಳು ಹಿಡೀತು, ಒಂದ್ ಬೆರಳು ಹೋತು. ಈಗಲೂ ಅವರು ಚಪ್ಪಲಿ ಹಾಕ್ಕೊಳ್ಳೂದು ನೋಡಿದಾಗ ನನಗ ಹೊಟ್ಯಾಗ ಕಲಸಿದಂಗ ಆಗತೈತಿ.

ಬುಟ್ಟಿ ತಗದಿಡು ತಂಗಿ. ಅದ ಅರ್ಧ ತಾಸು ಅಪ್ಪಾಜಿ ಬೂಟ್ ಹಾಕ್ಕೊಂಡು ನಡೀಲಿ, ಅದರಿಂದ ಖರೇನ ಶುಗರ್ ಇಳಿತೈತಿ. ರಾತ್ರಿ ಮಲಗೂಕಿಂತ ಮೊದಲ ನೀನ ಅವರ ಎರಡೂ ಪಾದ ಬೆಳಕಿಗೆ ಹಿಡದು ನೋಡು, ಬೆರಳ ಸಂದಿ ಬಿಡಬ್ಯಾಡ.

ಪ್ರಶ್ನೆ: ಉಪ್ಪು ಹಚ್ಚಿ ಹಿಂಡಿದ್ರ ಹಾಗಲಕಾಯಿ ಸತ್ವ ಹೋಗತೈತಂತ, ಹೌದೇನ್ರಿ? ಹಿಂಡಲಿಲ್ಲಂದ್ರ ಮನ್ಯಾಗ ಯಾರೂ ತಿನ್ನಂಗಿಲ್ಲ.
— ಗೃಹಿಣಿ, ಧಾರವಾಡ

ಉತ್ತರ: ಸ್ವಲ್ಪ ಹೋಗತೈತಿ. 100 ಗ್ರಾಂ ಹಸಿ ಹಾಗಲಕಾಯಿಯೊಳಗ ಸುಮಾರು 84 ಮಿಲಿಗ್ರಾಂ ವಿಟಮಿನ್ ಸಿ ಐತಿ, ಕಿತ್ತಳಿಗಿಂತ ಜಾಸ್ತಿ. ಇದು ನೀರಾಗ ಕರಗೂ ಜೀವಸತ್ವ, ಹಿಂಡಿ ಚೆಲ್ಲಿದ ನೀರಿನ ಜೋಡಿ ಒಂದಿಷ್ಟು ಹೋಗತೈತಿ, ಕುದಿಸಿ ಬಸದ್ರಂತೂ ಅರ್ಧಕ್ಕಿಂತ ಕಡಿಮಿ ಉಳಿತೈತಿ. ನಾರು ಎಲ್ಲೂ ಹೋಗಂಗಿಲ್ಲ, 100 ಗ್ರಾಂನ್ಯಾಗ ಹತ್ತಹತ್ರ ಮೂರು ಗ್ರಾಂ. ಹಂಗಾಗಿ ತಿನ್ನದ ಇರೂದಕ್ಕಿಂತ ಹಿಂಡಿ ತಿನ್ನೂದ ಚಲೋ, ಬಿಪಿ ಇದ್ದವರ ಮನ್ಯಾಗ ಉಪ್ಪು ಮಾತ್ರ ಕಡಿಮಿ ಹಚ್ರಿ.

ನನಗ ಚಿಂತಿ ಉಪ್ಪಿಂದಲ್ಲ, ಎಣ್ಣಿ ಬೆಲ್ಲದ್ದು. 100 ಗ್ರಾಂ ಹಾಗಲಕಾಯಿಗೆ ಇರೂದು 17 ಕ್ಯಾಲೊರಿ, ಒಂದು ದೊಡ್ಡ ಚಮಚೆ ಎಣ್ಣಿಗೆ 120! ಕಹಿ ಮುರೀಲಿ ಅಂತ ಲಿಂಬಿಹಣ್ಣಿನಷ್ಟು ಬೆಲ್ಲ ಹಾಕಿ ಎಣ್ಣ್ಯಾಗ ತೇಲಿಸಿದ್ರ ಶುಗರ್ ಇದ್ದವರಿಗೆ ಉಪಕಾರ ಏನ್ ಉಳೀತು ಹೇಳ್ರಿ. ಬೆಲ್ಲನೂ ಸಕ್ಕರಿಯಂಗ ಶುಗರ್ ಏರಸತೈತಿ.

ನಾನು ಮಾಡೂದು ಹಿಂಗ. ಬೆರಳುದ್ದದ ಎಳೆ ಕಾಯಿ ಆರಿಸಿ ತರ್ತೀನಿ, ಮ್ಯಾಲಿನ ಗಂಟು ಹೆರೆಯಂಗಿಲ್ಲ. ಇಳಗಿಲೆ ಉದ್ದಕ ಸೀಳಿ ಬೀಜ ತಗದು ಚಿಟಿಕಿ ಉಪ್ಪು, ಅರಿಷಿಣ ಸವರಿ ಹತ್ತು ನಿಮಿಷ ಇಡ್ತೀನಿ, ಹಗರಕ ಒತ್ತೂದು, ಗಟ್ಟಿ ಹಿಂಡೂದಲ್ಲ. ಶೇಂಗಾ ಪುಡಿ, ಗುರೆಳ್ಳು ಪುಡಿ, ಮಸಾಲಿ ಖಾರ, ಗಟ್ಟಿ ಹುಣಸಿ ರಸ ಕಲಿಸಿ ತುಂಬಿ, ದಪ್ಪ ತಳದ ಬೋಗುಣಿಯೊಳಗ ಎರಡು ಸಣ್ಣ ಚಮಚೆ ಎಣ್ಣಿ ಹಾಕಿ, ತಾಟು ಮುಚ್ಚಿ ಅದರ ಮ್ಯಾಲೆ ನೀರು ಹಾಕಿ ಸಣ್ಣ ಉರಿಗೆ ಇಟ್ರ ತನ್ನ ಹಬಿಯೊಳಗ ಬೇಯತಾವ. ಬೆಲ್ಲ ಹಾಕ್ಲೇಬೇಕಂದ್ರ ನಾಕು ಕಾಯಿಗೆ ಕಡ್ಲಿಕಾಳಿನಷ್ಟು. ಹುಣಸಿ ಹುಳಿ, ಗುರೆಳ್ಳಿನ ಘಮ ಅರ್ಧ ಕಹಿ ನುಂಗತಾವ. ಮರುದಿನಕ್ಕ ಖಾರ ಒಳಗ ಇಳದು ಇನ್ನೂ ರುಚಿ ಆಗತೈತಿ, ಅದಕ್ಕ ನಮ್ಮನ್ಯಾಗ ಎರಡು ಕಾಯಿ ಮುಂಜಾನಿ ಬಿಸಿ ರೊಟ್ಟಿಗೆ ಅಂತ ಮೊದಲ ಎತ್ತಿಟ್ಟಿರತೀನಿ.